ಹೈಫಾ: ಕ್ರೇನ್ ಎಣಿಸಿದರೆ ಸಾಲದು, ಹಳಿಯನ್ನೂ ನೋಡಬೇಕು

ಸಂಪಾದಕರಿಗೆ,

ಮಾನ್ಯರೆ,

ಸೆಪ್ಟೆಂಬರ್ 23 ಹತ್ತಿರ ಬಂದಾಗಲೆಲ್ಲ ಕನ್ನಡ ಪತ್ರಿಕೆಗಳಲ್ಲಿ ಇಸ್ರೇಲಿನ ಬಂದರು ಊರು ಹೈಫಾದ ಹೆಸರು ಕಾಣಿಸಿಕೊಳ್ಳುತ್ತದೆ. ಮೊದಲನೇ ಮಹಾಯುದ್ಧದ ಕೊನೆಗೆ, 1918ರಲ್ಲಿ, ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಆ ಊರನ್ನು ತುರ್ಕರಿಂದ ಗೆದ್ದ ಕತೆ, ಈಚೆಗೆ ಅದಾನಿ ಸಮೂಹ ಅಲ್ಲಿನ ಬಂದರನ್ನು ಕೊಂಡ ಸುದ್ದಿ, ಭಾರತ–ಮಧ್ಯಪ್ರಾಚ್ಯ–ಯುರೋಪ್ ಸರಕು ಸಾಗಣೆಯ ಕಾರಿಡಾರ್, ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಯುರೋಪಿನ ಹೆಬ್ಬಾಗಿಲೇ ನಮಗೆ ದಕ್ಕಿತು ಎಂದು ಮುಗಿಸುವುದು ರೂಢಿಯಾಗಿದೆ. ದಕ್ಕಿರುವುದು ದಕ್ಕೆ ಮಾತ್ರ. ಹೈಫಾದ ಏಳುಬೀಳನ್ನು ನಿರ್ಧರಿಸುತ್ತ ಬಂದದ್ದು ದಕ್ಕೆಯ ಹಿಂದೆ ಒಳನಾಡಿಗೆ ಹೋಗುವ ದಾರಿ.

ಮೊದಲು ಯುದ್ಧದ ವಿಷಯ. ಪೂರ್ವದಿಂದ ಹೈಫಾ ಸೇರುವ ರಸ್ತೆಗೆ ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕೀಶೋನ್ ಹೊಳೆಯ ಕೆಸರು. ಬೆಟ್ಟದ ಮೇಲೆ ಆಸ್ಟ್ರಿಯದ ಗೋಲಂದಾಜರ ತೋಪುಗಳಿದ್ದವು, ಕೆಳಗೆ ಮೆಷಿನ್ ಗನ್ನುಗಳು. ಮೈಸೂರಿನ ಒಂದು ಸ್ಕ್ವಾಡ್ರನ್ ಕಡಿದಾದ ಬೆಟ್ಟ ಹತ್ತಿ ತೋಪುಗಳ ಮೇಲೆ ಬಿತ್ತು. ಹೊಳೆ ದಾಟಲು ಹೊರಟ ಜೋಧಪುರದ ಸವಾರರಿಗೆ ದಂಡೆಯ ಉಸುಕು ಕುದುರೆಗಳನ್ನು ನುಂಗುತ್ತದೆಂದು ತಿಳಿದಾಗ ಎಡಕ್ಕೆ ತಿರುಗಿ ಬೆಟ್ಟದ ಬುಡದಿಂದ ನುಗ್ಗಿದರು; ಹಿಂದೆಯೇ ಮೈಸೂರಿನವರು ಊರು ಹೊಕ್ಕರು. 1,350 ಮಂದಿ ಸೆರೆಸಿಕ್ಕರು. ದಾಳಿ ಮಾಡಿದವರಲ್ಲಿ ಸತ್ತವರು 8, ಗಾಯಗೊಂಡವರು 34; ಸತ್ತವರಲ್ಲಿ ಜೋಧಪುರದ ಮೇಜರ್ ದಳಪತ್ ಸಿಂಗ್ ಒಬ್ಬರು. 60 ಕುದುರೆಗಳು ಸತ್ತವು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮೈಸೂರು, ಜೋಧಪುರದ ಜೊತೆಗಿರುವ ಮೂರನೆಯ ಪ್ರತಿಮೆ ಹೈದರಾಬಾದ್ ಲ್ಯಾನ್ಸರ್ಸ್‌ನದು. ಆ ಪಡೆ ಇದೇ ಬ್ರಿಗೇಡಿಗೆ ಸೇರಿತ್ತು. ಇಷ್ಟೆಲ್ಲ ಏಕೆ ಬೇಕಿತ್ತು? ಡಮಾಸ್ಕಸ್ ಕಡೆಗೆ ಧಾವಿಸುತ್ತಿದ್ದ ಬ್ರಿಟಿಷ್ ಸೈನ್ಯಕ್ಕೆ ಹಿಟ್ಟು, ಮೇವು, ಮದ್ದುಗುಂಡನ್ನು ಹಡಗಿನಿಂದ ಇಳಿಸಲು ಒಂದು ಜಾಗ ಬೇಕಿತ್ತು. ಆ ಜಾಗದಿಂದ ಡಮಾಸ್ಕಸ್ಸಿನ ಕಡೆ ರೈಲು ಹಳಿ ಇತ್ತು.

ಆ ಹಳಿಯೇ ಹೈಫಾವನ್ನು ಊರಾಗಿಸಿದ್ದು. 18ನೇ ಶತಮಾನದವರೆಗೆ ಅದೊಂದು ಸಣ್ಣ ಹಳ್ಳಿ. ಸ್ಥಳೀಯ ಆಳರಸ ಜಾಹಿರ್ ಅಲ್ ಉಮರ್ 1760ರ ದಶಕದಲ್ಲಿ ಹಳೆಯದನ್ನು ಕೆಡವಿ ಪಕ್ಕದಲ್ಲಿ ಕೋಟೆ ಕಟ್ಟಿ ಹೊಸ ಊರು ನಿಲ್ಲಿಸಿದ. ಆದರೂ ವ್ಯಾಪಾರವೆಲ್ಲ ಕೊಲ್ಲಿಯ ಆಚೆ ತುದಿಯ ಅಕ್ಕಾದಲ್ಲಿತ್ತು. ದಕ್ಷಿಣ ಸಿರಿಯಾದ ಹೌರಾನ್ ಬಯಲಿನ ಗೋಧಿ ಒಂಟೆಗಳ ಮೇಲೆ ಅಲ್ಲಿಗೆ ಬರುತ್ತಿತ್ತು. ಅಕ್ಕಾದ ತೊಂದರೆ ಮರಳು. ನೈಲ್ ನದಿಯ ಮರಳು ಕರಾವಳಿಗುಂಟ ಉತ್ತರಕ್ಕೆ ಸರಿದು ಬಂದು ಈ ಕೊಲ್ಲಿಯಲ್ಲೇ ನಿಲ್ಲುತ್ತದೆ. ಹಬೆ ಹಡಗುಗಳು ದೊಡ್ಡದಾದಂತೆ ಅಕ್ಕಾದ ಆಳ ಸಾಲದಾಯಿತು. ಹೈಫಾಕ್ಕೆ ನೈಋತ್ಯದ ಗಾಳಿ, ಅಲೆಗಳಿಂದ ಕಾರ್ಮೆಲ್ ಬೆಟ್ಟವೇ ಆಸರೆ. 1905ರಲ್ಲಿ ಹಿಜಾಜ್ ರೈಲ್ವೆಯ (ಡಮಾಸ್ಕಸ್–ಮದೀನಾ ಮಾರ್ಗ) ಕವಲು ಹೈಫಾದಿಂದ ಸಿರಿಯಾದ ದೆರಾವರೆಗೆ ತೆರೆದಾಗ ಗೋಧಿ ಅಕ್ಕಾವನ್ನು ಬಿಟ್ಟು ಇಲ್ಲಿಗೆ ತಿರುಗಿತು. ಹಳಿಯ ಅಗಲ 1,050 ಮಿ.ಮೀ. ಜೋರ್ಡನ್ ಕಣಿವೆಯಲ್ಲಿ ಈ ಮಾರ್ಗ ಸಮುದ್ರಮಟ್ಟಕ್ಕಿಂತ 246 ಮೀಟರ್ ಕೆಳಗಿಳಿದು, ಯರ್ಮೂಕ್ ನದಿಯ ಕಂದರದಲ್ಲಿ ಸೇತುವೆಗಳ ಮೇಲೆ ಸೇತುವೆ ದಾಟಿ ಮತ್ತೆ ಮೇಲೇರುತ್ತಿತ್ತು. ಮಾರ್ಗದ ಜೀವವೆಲ್ಲ ಆ ಸೇತುವೆಗಳಲ್ಲಿತ್ತು ಎಂಬುದನ್ನು ನೆನಪಿಡಿ.

ಬ್ರಿಟಿಷರು 1929ರಲ್ಲಿ ಆಳನೀರಿನ ಬಂದರಿನ ಕೆಲಸ ಹಿಡಿದು 1933ರ ಅಕ್ಟೋಬರ್ 31ರಂದು ತೆರೆದರು. ಅಥ್ಲಿತ್ ಕ್ವಾರಿಯ ಕಲ್ಲು ತಂದು ಎರಡು ಕಿಲೋಮೀಟರಿಗೂ ಉದ್ದದ ಅಲೆತಡೆಗೋಡೆ ಹಾಕಿದರು. ಒಳಗಿನ ಹೂಳೆತ್ತಿ ಅದನ್ನೇ ದಡಕ್ಕೆ ಸುರಿದು ಹೊಸ ನೆಲ ಮಾಡಿ, ಅದರ ಮೇಲೆ ಗೋದಾಮು ಮತ್ತು ವ್ಯಾಪಾರದ ಬೀದಿ ಎಬ್ಬಿಸಿದರು. 1922ರ ಜನಗಣತಿಯಲ್ಲಿ 24,634 ಇದ್ದ ಜನ 1931ಕ್ಕೆ 50,403 ಆಗಿದ್ದರು.

ಬಂದರಿನ ಬೆನ್ನಿಗೇ ಎಣ್ಣೆ ಬಂತು. ಇರಾಕಿನ ಕಿರ್ಕೂಕ್‌ನಿಂದ ಹೊರಟ ಕೊಳವೆ ಹದೀಥಾದಲ್ಲಿ ಎರಡಾಗಿ, ಒಂದು ಲೆಬನಾನಿನ ಟ್ರಿಪೋಲಿಗೆ, ಇನ್ನೊಂದು ಹೈಫಾಕ್ಕೆ ಬಂತು. ಹೈಫಾ ಮಾರ್ಗದ ಉದ್ದ ಒಂಬೈನೂರು ಕಿಲೋಮೀಟರಿಗೂ ಹೆಚ್ಚು. 1935ರಲ್ಲಿ ಅಧಿಕೃತವಾಗಿ ಶುರುವಾಯಿತು, 1939ರಲ್ಲಿ ಸಂಸ್ಕರಣಾ ಘಟಕ ಕೆಲಸ ಆರಂಭಿಸಿತು. ಎರಡನೇ ಮಹಾಯುದ್ಧದಲ್ಲಿ ಮೆಡಿಟರೇನಿಯನ್ನಿನ ಬ್ರಿಟಿಷ್ ನೌಕಾಪಡೆಗೆ ಇಲ್ಲಿನ ಎಣ್ಣೆಯೇ ದೊಡ್ಡ ಆಧಾರ, ಇಟಲಿಯ ವಿಮಾನಗಳು 1940ರಲ್ಲಿ ಬಾಂಬ್ ಹಾಕಿದ್ದೂ ಅದಕ್ಕೇ. ಕೊಳವೆಯ ದೌರ್ಬಲ್ಯ ಮಾತ್ರ ಬಹಳ ಸರಳ: ಮಣ್ಣು ಸರಿಸಿ, ಬಂದೂಕಿನಿಂದ ತೂತು ಮಾಡಿ, ಉರಿಯುವ ಚಿಂದಿ ಎಸೆದರೆ ಆಯಿತು. 1936–39ರ ಅರಬ್ ಬಂಡಾಯದಲ್ಲಿ ಇದು ಮತ್ತೆ ಮತ್ತೆ ನಡೆಯಿತು. ಕಾವಲಿಗೆಂದೇ ಬ್ರಿಟಿಷರು ರಾತ್ರಿ ಪಡೆಗಳನ್ನು ಕಟ್ಟಬೇಕಾಯಿತು.

ಹಳಿ, ಕೊಳವೆ ಈ ಎರಡೂ ದಾರಿಗಳು ಎರಡು ವರ್ಷದೊಳಗೆ ಕಡಿದುಹೋದವು. 1946ರ ಜೂನ್‌ನಲ್ಲಿ ಯಹೂದಿ ಪಡೆ ಪಾಲ್ಮಾಖ್ ಅಲ್ ಹಮ್ಮಾ ಬಳಿ ಯರ್ಮೂಕ್ ಸೇತುವೆಯನ್ನು ಸ್ಫೋಟಿಸಿತು. ದೆರಾ ರೈಲು ಅಲ್ಲಿಗೆ ನಿಂತಿತು. 1948ರಲ್ಲಿ ಇರಾಕ್ ಎಣ್ಣೆ ಹರಿಸುವುದನ್ನು ನಿಲ್ಲಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಯಹೂದಿ ಮತ್ತು ಅರಬ್ ಪಡೆಗಳ ನಡುವಿನ ಕಾಳಗದಲ್ಲಿ ಹೈಫಾದ ಅರಬರಲ್ಲಿ ಬಹುಪಾಲು ಜನ ಊರು ಬಿಟ್ಟರು, ಉಳಿದವರು ಕೆಲವೇ ಸಾವಿರ. ಗೋಡೆ, ದಕ್ಕೆ, ಕ್ರೇನು ಯಾವುದಕ್ಕೂ ಏನೂ ಆಗಿರಲಿಲ್ಲ. ಇರಾಕ್, ಸಿರಿಯಾ, ಜೋರ್ಡನ್‌ಗಳ ಕಡಲಬಾಗಿಲಾಗಬೇಕೆಂದು ಕಟ್ಟಿದ ಬಂದರು ಒಂದು ಚಿಕ್ಕ ದೇಶದ ಆಮದು ರಫ್ತಿಗೆ ಸೀಮಿತವಾಯಿತು. 1965ರಲ್ಲಿ ತೆರೆದ ಅಶ್‌ದೋದ್ ಅದರಲ್ಲೂ ಪಾಲು ಕೇಳಿತು.

ಈಗ ಯಾರ ಕೈಯಲ್ಲಿ ಏನಿದೆ ಎಂದು ನೋಡೋಣ. 2022ರ ಜುಲೈನಲ್ಲಿ ಅದಾನಿ ಮತ್ತು ಇಸ್ರೇಲಿನ ಗಡೋಟ್ ಸೇರಿ 4.1 ಶತಕೋಟಿ ಶೆಕೆಲ್‌ಗೆ ಟೆಂಡರ್ ಗೆದ್ದವು, ಪಾಲು 70:30. 2023ರ ಜನವರಿಯಲ್ಲಿ ಹಸ್ತಾಂತರವಾಯಿತು. ಕೊಂಡದ್ದು ಹೈಫಾ ಪೋರ್ಟ್ ಎಂಬ ನಿರ್ವಹಣಾ ಕಂಪನಿಯನ್ನು, 2054ರವರೆಗಿನ ಹಕ್ಕಿನೊಂದಿಗೆ. ನೆಲ, ಜಲದ ಒಡೆತನ ಸರ್ಕಾರದ ಬಳಿಯೇ ಇದೆ. ಅದೇ ಕೊಲ್ಲಿಯಲ್ಲಿ 2021ರ ಸೆಪ್ಟೆಂಬರ್‌ನಿಂದ ಶಾಂಘೈನ ಎಸ್‌ಐಪಿಜಿ ಕಂಪನಿ ನಡೆಸುವ ಬೇ ಪೋರ್ಟ್ ಇದೆ. ಅತಿ ದೊಡ್ಡ ಕಂಟೇನರ್ ಹಡಗುಗಳಿಗೆಂದೇ ಕಟ್ಟಿದ ಹೊಸ ದಕ್ಕೆ ಅದು. ‘ಹೈಫಾ ಬಂದರು ಭಾರತದ್ದಾಯಿತು’ ಎಂದು ಬರೆಯುವವರು ಪಕ್ಕದ ಈ ಚೀನೀ ದಕ್ಕೆಯ ಹೆಸರೆತ್ತದಿರುವುದು ವಿಚಿತ್ರ.

2023ರ ಸೆಪ್ಟೆಂಬರ್ 9ರಂದು ದೆಹಲಿಯ ಜಿ20 ಸಭೆಯಲ್ಲಿ ಕಾರಿಡಾರ್ ಘೋಷಣೆಯಾಯಿತು. ಅದರಲ್ಲಿ ಒಂದು ಕಂಟೇನರ್ ಹೇಗೆ ಸಾಗಬೇಕು? ಮುಂದ್ರಾ ಅಥವಾ ನವಶೇವಾದಲ್ಲಿ ಹಡಗಿಗೆ ಹತ್ತಿ, ಯುಎಇಯಲ್ಲಿ ಇಳಿದು, ರೈಲಿಗೆ ಹತ್ತಿ, ಸೌದಿ, ಜೋರ್ಡನ್ ದಾಟಿ, ಹೈಫಾದಲ್ಲಿ ರೈಲಿನಿಂದ ಇಳಿದು, ಮತ್ತೆ ಹಡಗಿಗೆ ಹತ್ತಬೇಕು. ಸೂಯೆಜ್ ಮೂಲಕ ನೇರ ಹೋಗುವ ಹಡಗಿನಲ್ಲಿ ಈ ನಡುವಿನ ಎತ್ತಿಳಿಸುವಿಕೆ ಯಾವುದೂ ಇಲ್ಲ, ಮೂರು ಗಡಿಗಳ ತಪಾಸಣೆಯೂ ಇಲ್ಲ. ಒಂದು ರೈಲು 20 ಅಡಿಯ 200 ಕಂಟೇನರ್ ಒಯ್ಯುತ್ತದೆಂದು ಹಿಡಿದರೂ 18,000 ಕಂಟೇನರಿನ ಒಂದು ಹಡಗಿಗೆ 90 ರೈಲು ಬೇಕು. ಅವಸರದ, ಬೆಲೆಬಾಳುವ ಸರಕಿಗೆ ಈ ದಾರಿ ಹೊಂದೀತು. ಅದಿರಿಗೆ, ಗ್ರಾನೈಟಿಗೆ ಲೆಕ್ಕ ಕೂಡುವುದಿಲ್ಲ. ಯೆಮೆನಿನ ಹೂಥಿ ಬಂಡುಕೋರರ ದಾಳಿಯಿಂದ ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಹೋಗಬೇಕಾದಾಗ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ, ನಿಜ. ಹಳಿ ಇದ್ದರೆ.

ಯುಎಇಯ ಹಳಿ ಸೌದಿ ಗಡಿಯ ಗುವೈಫಾತ್‌ವರೆಗೆ ಇದೆ. ಅಲ್ಲಿಂದ ಸೌದಿ ಜಾಲಕ್ಕೆ ಕೊಂಡಿ ಕೂಡಿಲ್ಲ. ಸೌದಿಯ ಉತ್ತರದ ಮಾರ್ಗ ಜೋರ್ಡನ್ ಗಡಿ ಸಮೀಪದ ಕುರಯ್ಯಾತ್ ಮುಟ್ಟಿದೆ. ಜೋರ್ಡನ್‌ನಲ್ಲಿ ಓಡುವುದು ಇಂದಿಗೂ ಹಳೆಯ 1,050 ಮಿ.ಮೀ. ಹಳಿ, ಉಳಿದ ಮೂರು ದೇಶಗಳದ್ದು 1,435. ಇಸ್ರೇಲ್ ಕಡೆ ದೆರಾಕ್ಕೆ ಹೋಗುತ್ತಿದ್ದ ಹಳೆಯ ಕಣಿವೆ ಮಾರ್ಗವನ್ನು 1,435 ಮಿ.ಮೀ. ಹಳಿಯಲ್ಲಿ ಹೊಸದಾಗಿ ಕಟ್ಟಿ 2016ರಲ್ಲಿ ಬೇತ್ ಶೆಆನ್‌ವರೆಗೆ ತೆರೆದಿದ್ದಾರೆ. ಮುಂದೆ ಜೋರ್ಡನ್ ನದಿಯ ಶೇಖ್ ಹುಸೇನ್ ಸೇತುವೆಯವರೆಗೆ ಹಳಿ ಇಲ್ಲ. ಆ ಸೇತುವೆಯ ಮೇಲೆ ವ್ಯಾಪಾರ ನಡೆದಿಲ್ಲವೆಂದಲ್ಲ: ಸಿರಿಯಾದ ಯುದ್ಧದಿಂದ ರಸ್ತೆ ಮುಚ್ಚಿದ ಮೇಲೆ ಟರ್ಕಿಯ ಲಾರಿಗಳು ಹಡಗಿನಲ್ಲಿ ಹೈಫಾಕ್ಕೆ ಬಂದು ಇದೇ ದಾರಿಯಲ್ಲಿ ಜೋರ್ಡನ್ ಸೇರುತ್ತಿದ್ದವು. 2024ರ ಮೇನಲ್ಲಿ ಟರ್ಕಿ ಇಸ್ರೇಲ್ ಜೊತೆಗಿನ ವ್ಯಾಪಾರವನ್ನೇ ನಿಲ್ಲಿಸಿತು.

ಊರಿನ ಆರ್ಥಿಕತೆ ಬಂದರೊಂದರ ಮೇಲೆ ನಿಂತಿಲ್ಲ ಎಂಬುದನ್ನೂ ಹೇಳಬೇಕು. ಟೆಕ್ನಿಯಾನ್ ವಿಶ್ವವಿದ್ಯಾಲಯ ಇದೆ, 1974ರಿಂದ ಇಂಟೆಲ್ ಇದೆ. ಆದರೆ ದಕ್ಕೆಯ ಮಗ್ಗುಲಲ್ಲೇ ಸಂಸ್ಕರಣಾ ಘಟಕವೂ ಇದೆ. ಕೊಲ್ಲಿಯ 12,000 ಟನ್ನಿನ ಅಮೋನಿಯಾ ಟ್ಯಾಂಕನ್ನು ನ್ಯಾಯಾಲಯದ ಆದೇಶದಂತೆ 2017ರಲ್ಲಿ ಖಾಲಿ ಮಾಡಿಸಿದರು. ಪೆಟ್ರೊಕೆಮಿಕಲ್ ಉದ್ಯಮವನ್ನೇ ಅಲ್ಲಿಂದ ತೆರವು ಮಾಡಲು ಸರ್ಕಾರ 2022ರಲ್ಲಿ ನಿರ್ಧರಿಸಿತು. ಅದು ನಡೆಯುವ ಮೊದಲೇ, 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿ ಸಂಸ್ಕರಣಾ ಘಟಕಕ್ಕೆ ಬಿದ್ದು ಮೂವರು ಕೆಲಸಗಾರರು ಸತ್ತರು, ಘಟಕ ನಿಂತಿತು. ಇಂಥ ಸ್ಥಳದಲ್ಲಿ ಹಡಗಿನ ಯುದ್ಧವಿಮೆಯ ದರ ಏರಿದರೆ ಅದು ಸರಕಿನ ಬಾಡಿಗೆಗೇ ಸೇರುತ್ತದೆ.

ಆದ್ದರಿಂದ ಕಾರಿಡಾರ್ ಬಗ್ಗೆ ಮುಂದೆ ವರದಿ ಮಾಡುವಾಗ ಹೈಫಾದ ಕ್ರೇನುಗಳ ಚಿತ್ರದ ಜೊತೆ ಗುವೈಫಾತ್, ಕುರಯ್ಯಾತ್, ಬೇತ್ ಶೆಆನ್ ಮೂರನ್ನೂ ಗುರುತಿಸಿದ ಒಂದು ನಕ್ಷೆ ಹಾಕಿ, ನಡುವಿನ ತುಂಡುಗಳಲ್ಲಿ ಯಾವುದಕ್ಕೆ ಟೆಂಡರ್ ಆಗಿದೆ, ಯಾವುದಕ್ಕೆ ಹಣ ಇಟ್ಟಿದ್ದಾರೆ ಎಂದು ತಿಳಿಸಬೇಕೆಂದು ಕೋರಿಕೆ.

– ಒಬ್ಬ ಓದುಗ, ಮಂಗಳೂರು