ನಮ್ಮ ಸೆಸ್ನಾ ವಿಮಾನದ ಸೀಟ್ ಬೆಲ್ಟ್ ಬದಲಿಸುವ ಬಗ್ಗೆ

ಸ್ನೇಹಿತರೇ, ನಾವೆಲ್ಲ ಪಾಲುದಾರರಾಗಿರುವ ಸೆಸ್ನಾ 172ರ ಎಡ ಮುಂಭಾಗದ ಬೆಲ್ಟ್ ಬಕಲ್ ಹತ್ತಿರ ಎಳೆ ಬಿಟ್ಟಿದೆ. ಹೊಸದನ್ನು ಹಾಕುವವರೆಗೆ ವಿಮಾನ ಹಾರಿಸುವುದು ಬೇಡ.

ದಯವಿಟ್ಟು ಯಾರೂ ಸೂಜಿ ದಾರ ಹಿಡಿಯಬೇಡಿ. ಪಟ್ಟಿ ಹೊಲಿಯುವುದು ಅನುಮೋದಿತ ರಿಪೇರಿ ಕೇಂದ್ರದ ಕೆಲಸ. ಆದರೆ ಇಡೀ ಬೆಲ್ಟನ್ನು ತೆಗೆದು ಹೊಸದನ್ನು ಕೂರಿಸುವುದಕ್ಕೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ನಿಯಮಾವಳಿಯ 43ನೇ ಭಾಗವು ಪೈಲಟ್ ಪರವಾನಗಿ ಇರುವ ಮಾಲೀಕರಿಗೇ ಅವಕಾಶ ಕೊಟ್ಟಿದೆ. ಶನಿವಾರ ಬೆಳಿಗ್ಗೆ ನಾನೇ ಮಾಡುತ್ತೇನೆ, ಒಬ್ಬರು ಜೊತೆಗೆ ಬನ್ನಿ.

ಅಗ್ಗವೆಂದು ಕಾರಿನ ಬೆಲ್ಟ್ ಸೂಚಿಸಿದವರಿಗೆ ನನ್ನ ಉತ್ತರ ಖಂಡಿತ ಬೇಡ ಎಂದೇ. ನಮ್ಮ ಮಾದರಿಗೆ ಒಪ್ಪುವ ಭಾಗದ ಸಂಖ್ಯೆ ಇರಬೇಕು, ಟಿಎಸ್‌ಒ (ವಿಮಾನದ ಬಿಡಿಭಾಗಗಳಿಗೆ ಎಫ್‌ಎಎ ಗೊತ್ತುಮಾಡಿದ ಮಾನದಂಡ) ಗುರುತಿನ ಚೀಟಿ ಬೆಲ್ಟಿನ ಮೇಲಿರಬೇಕು, ಬಕಲ್ ಲೋಹಕ್ಕೆ ಲೋಹ ಕಚ್ಚುವಂಥದ್ದಾಗಿರಬೇಕು. ಬಿಚ್ಚುವ ಮೊದಲು ಬೋಲ್ಟ್, ವಾಷರ್, ಸ್ಪೇಸರ್‌ಗಳ ಕ್ರಮದ ಫೋಟೊ ತೆಗೆಯೋಣ. ಅದು ತಪ್ಪಿದರೆ ಬೆಲ್ಟಿನ ತುದಿಯಲ್ಲಿ ಬೋಲ್ಟ್ ಹಾಕುವ ಕೊಂಡಿ ಸರಾಗವಾಗಿ ತಿರುಗದೆ ಪಟ್ಟಿ ಮುರುಟಿಕೊಳ್ಳುತ್ತದೆ. ಬೋಲ್ಟಿನ ಬಿಗಿತ ವಿಮಾನದ ಕೈಪಿಡಿಯಲ್ಲಿರುವಷ್ಟೇ ಇರಬೇಕು. ಆಮೇಲೆ ಸೀಟನ್ನು ಹಳಿಯ ಉದ್ದಕ್ಕೂ ಸರಿಸಿ, ಬೆಲ್ಟ್ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲವೆಂದು ನೋಡಬೇಕು.

ಕೆಲಸದ ವಿವರ, ದಿನಾಂಕ, ಸಹಿ, ಪರವಾನಗಿ ಸಂಖ್ಯೆ ಅಂದೇ ಲಾಗ್‌ಬುಕ್ಕಿಗೆ ಹೋಗುತ್ತವೆ. ಹಳೆಯ ಬೆಲ್ಟನ್ನು ಎರಡು ತುಂಡು ಮಾಡಿ ಎಸೆಯುತ್ತೇನೆ.

ಇನ್ನೊಂದು ಮಾತು: ಬಾಗಿಲು ಹಾಕುವಾಗ ಬೆಲ್ಟಿನ ತುದಿ ಹೊರಗುಳಿದರೆ ಹಾರಾಟದಲ್ಲಿ ಅದು ತಗಡಿಗೆ ಬಡಿದು ಎಂಜಿನ್ ಕೆಟ್ಟಂತೆ ಸದ್ದಾಗುತ್ತದೆ. ಖಾಲಿ ಸೀಟಿನ ಬೆಲ್ಟನ್ನೂ ಕಟ್ಟಿಯೇ ಬಿಡಿ.