ಆ ಸೀಸೆಯಲ್ಲಿ ಇರೋದೇನು, ಯಾರಾದರೂ ಕೇಳಿದ್ರಾ?

ಸಂಪಾದಕರೇ,

ನಮ್ಮ ರಾಯಚೂರಿನ ಗಂಜ್ ಹತ್ತಿರದ 'ಎಕ್ಸೋಸೋಮ್ ಶಿಬಿರ'ದ (ಜೀವಕೋಶಗಳಿಂದ ತೆಗೆದ ಸಣ್ಣ ಚೀಲಗಳನ್ನು ಔಷಧ ಅಂತ ಕೊಡುವ ಶಿಬಿರ) ಬಗ್ಗೆ ನೀವು ಹಾಕಿದ ವರದಿ ಓದಿ ನಮ್ಮವ್ವ ಹಟ ಹಿಡಿದಳು. ರೋಗನಿರೋಧಕ ಶಕ್ತಿ ಹೊಸದಾಗಿ ಹುಟ್ಟುತ್ತದಂತೆ, ಕರಕೊಂಡು ಹೋಗು ಅಂತ. ನಿನ್ನೆ ರಜೆ ಹಾಕಿ ಹೋದೆ. ಟೋಕನ್ 63. ನೆರಳಿಲ್ಲ, ಕುಡಿಯಲು ನೀರಿಲ್ಲ. 72 ವರ್ಷದ ಅವ್ವ ಒದ್ದೆ ಟವೆಲ್ ತಲೆಗೆ ಹಾಕಿಕೊಂಡು ಮೂರು ತಾಸು ಮೆಟ್ಟಿಲ ಮೇಲೆ ಕೂತಳು. ಕೊನೆಗೆ ಸೀಸೆ ತೋರಿಸಿ ಅಂದೆ. ಕಂಪನಿ ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ಬಿಳಿ ಪಟ್ಟಿ ಮೇಲೆ ಪೆನ್ನಿನಲ್ಲಿ ಬರೆದ ತಾರೀಕು ಅಷ್ಟೇ. ಯಾವ ಜೀವಕೋಶದಿಂದ ತೆಗೆದಿದ್ದು ಅಂತ ಕೇಳಿದರೆ, 'ಪೇಪರಲ್ಲಿ ಬಂದಿದೆಯಲ್ಲ ಮೇಡಂ' ಅಂದರು ಶಿಬಿರದವರು. ನೋಂದಣಿಗೆ ಕೊಟ್ಟ 500 ರೂಪಾಯಿ ವಾಪಸ್ ಕೊಡಲಿಲ್ಲ.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ಎಕ್ಸೋಸೋಮ್ ಸುಳ್ಳಲ್ಲ. ಜೀವಕೋಶಗಳು ಹೊರಗೆ ಬಿಡುವ ಸಣ್ಣ ಚೀಲಗಳು ಅವು, 30ರಿಂದ 150 ನ್ಯಾನೋಮೀಟರ್ ಗಾತ್ರ, ಒಳಗೆ ಪ್ರೋಟೀನ್, ಕೋಶದ ಸಂದೇಶ ಹೊತ್ತ ಆರ್‌ಎನ್‌ಎ. 1983ರಲ್ಲಿ ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಕಂಡವು. ರೋಗನಿರೋಧಕ ವ್ಯವಸ್ಥೆಯ ಬಿ ಕೋಶ ಬಿಟ್ಟ ಚೀಲ, ರೋಗದ ವಿರುದ್ಧ ಹೋರಾಡುವ ಟಿ ಕೋಶವನ್ನು ಎಬ್ಬಿಸುತ್ತದೆ ಅಂತ 1996ರಲ್ಲಿ ಗೊತ್ತಾಯಿತು. ತಾಯಿಯ ಎದೆಹಾಲಿನಲ್ಲೂ ಇವೆ. ಆದರೆ ಕ್ಯಾನ್ಸರ್ ಕೋಶ ಬಿಟ್ಟ ಚೀಲ ಹಲವು ಸಲ ಇದಕ್ಕೆ ಉಲ್ಟಾ. ರೋಗದ ಸುದ್ದಿಯನ್ನು ಟಿ ಕೋಶಕ್ಕೆ ಮುಟ್ಟಿಸುವ ಡೆಂಡ್ರೈಟಿಕ್ ಕೋಶ ಎಳೆಯದಿದ್ದಾಗಲೇ ಬಲಿಯದಂತೆ ತಡೆಯುತ್ತದೆ, ಟಿ ಕೋಶವನ್ನು ಮಲಗಿಸುತ್ತದೆ. ಅಂದರೆ ಚೀಲ ಎಲ್ಲಿಂದ ಬಂತು ಅನ್ನೋದೇ ಮುಖ್ಯ ಅಲ್ವಾ? ಅದನ್ನೇ ನಿಮ್ಮ ವರದಿಗಾರರು ಕೇಳಿಲ್ಲ. ತಾನು ಒಪ್ಪಿಗೆ ಕೊಟ್ಟ ಎಕ್ಸೋಸೋಮ್ ಔಷಧ ಒಂದೂ ಇಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಜನರನ್ನು ಎಚ್ಚರಿಸಿತ್ತು.

ದೂರು ಕೊಡಲು ಸರ್ಕಾರಿ ಕಚೇರಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ. ಯಾವಾಗ ತಾನೇ ಸೀಟಿನಲ್ಲಿದ್ದರು? 2022ರಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಇದೇ ರಾಯಚೂರಿನಲ್ಲಿ ಜನ ಸತ್ತರು. ಆಗಲೂ ಜನ ಸತ್ತ ಮೇಲೆಯೇ ಓಡಾಟ. ಕೇಂದ್ರದ ದೊಡ್ಡ ಆಸ್ಪತ್ರೆ ಏಮ್ಸ್ ಕೊಡಿ ಅಂತ ಅದೇ ವರ್ಷದಿಂದ ಧರಣಿ ಕೂತರೂ ಕೇಳುವವರಿಲ್ಲ. ಒಳ್ಳೆ ಆಸ್ಪತ್ರೆ ಇದ್ದಿದ್ದರೆ ನಮ್ಮವ್ವನಂಥವರು ಹೆಸರಿಲ್ಲದ ಸೀಸೆಗೆ ಯಾಕೆ ಸಾಲು ನಿಲ್ಲುತ್ತಿದ್ದರು?

ಆ ಸೀಸೆಗಳನ್ನು ಇವತ್ತೇ ಯಾರಾದರೂ ಹೋಗಿ ನೋಡಲಿ. ನೀವೂ ತಿದ್ದುಪಡಿ ಹಾಕಿ, ಮೂಲೆಯಲ್ಲಲ್ಲ, ವರದಿ ಬಂದ ಜಾಗದಲ್ಲೇ, ಅಷ್ಟೇ ದೊಡ್ಡದಾಗಿ. ಅವ್ವ ಇನ್ನೂ ನನ್ನ ಮಾತು ನಂಬಿಲ್ಲ, ಪೇಪರಲ್ಲಿ ಬಂದಿದೆ ಅನ್ನುತ್ತಿದ್ದಾಳೆ.

ಜೀವಶಾಸ್ತ್ರ ಉಪನ್ಯಾಸಕಿ, ರಾಯಚೂರು