ಕಾರಿನ ಮುಂಭಾಗದಲ್ಲಿರುವ ಸಾಮಾನಿನ ಡಿಕ್ಕಿಗಾದ ಹಾನಿ ಮತ್ತು ತಪ್ಪು ದಾಖಲೆಯ ಕುರಿತು ದೂರು

ಬೆಂಗಳೂರು
23.06.2025

ಇವರಿಗೆ,
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ರಸ್ತೆ ನೆರವು ವಿಭಾಗ

ವಿಷಯ: ಜೂನ್ 14ರಂದು ನಿಮ್ಮ ತಂತ್ರಜ್ಞರು ನನ್ನ ಪೋರ್ಷೆ ಕೇಮನ್ ಕಾರಿನ ಮುಂದಿನ ಡಿಕ್ಕಿಯನ್ನು ಮೀಟಿ ಹಾಳು ಮಾಡಿರುವುದು ಮತ್ತು ಆ ಕರೆಯನ್ನು ‘ಗ್ರಾಹಕರ ಅಸಹಕಾರ’ ಎಂದು ಮುಕ್ತಾಯಗೊಳಿಸಿರುವುದು.

ಮಾನ್ಯರೇ,

ಮೂರು ವರ್ಷಗಳಿಂದ ನಿಮ್ಮ ವಾರ್ಷಿಕ ರಸ್ತೆ ನೆರವು ಯೋಜನೆಗೆ ಹಣ ಕಟ್ಟುತ್ತಾ ಬಂದಿರುವ ನಾನು ಇದೇ ಜೂನ್ 14ರ ಶನಿವಾರ ಮೊದಲ ಸಲ ನಿಮ್ಮ ನೆರವು ಕೇಳಿದೆ. ಬ್ಯಾಟರಿ ಪೂರ್ತಿ ಇಳಿದುಹೋಗಿದ್ದಕ್ಕೆ ನಾನೇ ಹೊಣೆ. ಅದಕ್ಕಾಗಿ ನಿಮ್ಮನ್ನು ದೂರುತ್ತಿಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ. ನನ್ನ ದೂರು ಇರುವುದು ಅದರ ನಂತರ ನಡೆದದ್ದರ ಬಗ್ಗೆ.

ತಾಯಿಯವರ ಸೊಂಟದ ಮೂಳೆ ಮುರಿದ ಕಾರಣ ಮಾರ್ಚ್ 20ರಂದು ಧಾರವಾಡಕ್ಕೆ ಹೋದವನು ಬೆಂಗಳೂರಿಗೆ ಮರಳಿದ್ದು ಜೂನ್ 13ರ ರಾತ್ರಿ. ಅಷ್ಟೂ ದಿನ ಕಾರು ಬನಶಂಕರಿಯ ನಮ್ಮ ವಸತಿ ಸಮುಚ್ಚಯದ ಎರಡನೇ ಬೇಸ್‌ಮೆಂಟಿನಲ್ಲಿ ನಿಂತಿತ್ತು. ನಾನು ಊರಿನಲ್ಲಿದ್ದಾಗಲೂ ಅದು ಹೊರಬರುವುದು ಹೆಚ್ಚೆಂದರೆ ತಿಂಗಳಿಗೆ ಎರಡು ಭಾನುವಾರ, ಅದೂ ಬೆಳಗಿನ ಐದೂವರೆಗೆ. ನಮ್ಮ ಬಡಾವಣೆಯ ರಸ್ತೆಯುಬ್ಬುಗಳ ಎತ್ತರ ಕಂಡವರಿಗೆ ಕಾರಣ ವಿವರಿಸಬೇಕಿಲ್ಲ. ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲಿಯೂ ಅಲಾರಂ, ಸರಿಯಾದ ಕೀಲಿಯಿಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಇಮ್ಮೊಬಿಲೈಸರ್ ಮತ್ತು ಕೀಲಿಯ ರಿಮೋಟ್ ಸಂಕೇತಕ್ಕಾಗಿ ಕಾಯುವ ರಿಸೀವರ್ ಸದಾ ಒಂದಿಷ್ಟು ವಿದ್ಯುತ್ ಎಳೆಯುತ್ತಲೇ ಇರುತ್ತವೆ. ಅದು ಬರೀ 40 ಮಿಲಿಆಂಪಿಯರ್ ಎಂದುಕೊಂಡರೂ ದಿನಕ್ಕೆ ಸುಮಾರು 1 ಆಂಪಿಯರ್-ಅವರ್ ಖರ್ಚಾಗುತ್ತದೆ. 70 ಆಂಪಿಯರ್-ಅವರ್ ಬ್ಯಾಟರಿ 85 ದಿನ ತಾಳಲಿಲ್ಲ ಎಂಬುದರಲ್ಲಿ ಅಚ್ಚರಿಯೇನೂ ಇಲ್ಲ. ಕೀಲಿಯಿಂದ ಕೈಯಾರೆ ಬಾಗಿಲು ತೆಗೆದು ಮಲ್ಟಿಮೀಟರ್ ಹಿಡಿದಾಗ, 12.6 ವೋಲ್ಟ್ ಇರಬೇಕಾದಲ್ಲಿ 4 ವೋಲ್ಟ್ ತೋರಿಸಿತು. ಅಷ್ಟು ಕೆಳಗಿಳಿದು ದಿನಗಟ್ಟಲೆ ಹಾಗೆಯೇ ಉಳಿದ ಲೆಡ್-ಆಸಿಡ್ ಬ್ಯಾಟರಿಯ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಗಟ್ಟುವುದರಿಂದ ಅದು ಮತ್ತೆ ಸರಿಯಾಗಿ ಚಾರ್ಜ್ ಆಗುವುದು ಅಪರೂಪವೆಂದು ತಿಳಿದೇ, ಹೊಸ ಬ್ಯಾಟರಿಯನ್ನು ನಾನೇ ಕೊಂಡುಕೊಳ್ಳುವುದೆಂದು ತೀರ್ಮಾನಿಸಿದ್ದೆ.

ಹಾಗಿದ್ದರೂ ನಿಮಗೆ ಕರೆ ಮಾಡಬೇಕಾಗಿ ಬಂದದ್ದು ಈ ಕಾರಿನ ರಚನೆಯಿಂದಾಗಿ. ಇದರ ಎಂಜಿನ್ ಇರುವುದು ಸೀಟುಗಳ ಹಿಂದೆ. ಮುಂದೆ ಬಾನೆಟ್ಟಿನಂತೆ ಕಾಣುವುದು ಸಾಮಾನಿನ ಡಿಕ್ಕಿ, ಬ್ಯಾಟರಿ ಇರುವುದೂ ಅದರೊಳಗೇ. ಆ ಡಿಕ್ಕಿಯ ಲಾಚ್, ಅಂದರೆ ಮುಚ್ಚಳವನ್ನು ಹಿಡಿದಿಡುವ ಚಿಲಕ, ತೆರೆದುಕೊಳ್ಳುವುದು ವಿದ್ಯುತ್ತಿನಿಂದ. ಬ್ಯಾಟರಿ ಸತ್ತರೆ ಡಿಕ್ಕಿ ತೆರೆಯದು, ಡಿಕ್ಕಿ ತೆರೆಯದಿದ್ದರೆ ಬ್ಯಾಟರಿ ಕೈಗೆ ಸಿಗದು. ಕಾರಿನ ಕೈಪಿಡಿಯಲ್ಲಿ ಇದಕ್ಕೆ ಸರಳ ಉಪಾಯವಿದೆ: ಕಾಲಿಡುವ ಜಾಗದ ಪಕ್ಕದಲ್ಲಿರುವ ಫ್ಯೂಸ್ ಪೆಟ್ಟಿಗೆಯಿಂದ ಹೊರಗೆಳೆಯಬಹುದಾದ ಪಾಸಿಟಿವ್ ಟರ್ಮಿನಲ್ಲಿಗೆ ಬೇರೊಂದು 12 ವೋಲ್ಟ್ ಬ್ಯಾಟರಿಯ ಕೆಂಪು ಕೇಬಲ್ಲನ್ನೂ, ಬಾಗಿಲಿನ ಚೌಕಟ್ಟಿನಲ್ಲಿರುವ ಲೋಹದ ಕೊಂಡಿಗೆ ಕಪ್ಪು ಕೇಬಲ್ಲನ್ನೂ ಸಿಕ್ಕಿಸಿದರೆ ಡಿಕ್ಕಿಯ ಲಾಚ್‌ಗೆ ಬೇಕಾದಷ್ಟು ವಿದ್ಯುತ್ ಹರಿಯುತ್ತದೆ. ಬೆಳಿಗ್ಗೆ 9.10ಕ್ಕೆ ನಿಮ್ಮ ಸಹಾಯವಾಣಿಗೆ ನಾನು ಹೇಳಿದ್ದು ಇದನ್ನೇ: ಒಂದು ಬೂಸ್ಟರ್ (ಹೊತ್ತು ತರಬಹುದಾದ 12 ವೋಲ್ಟ್ ಬ್ಯಾಟರಿ) ಮತ್ತು ಅದನ್ನು ಜೋಡಿಸುವ ಜಂಪರ್ ಕೇಬಲ್ ತಂದರೆ ಸಾಕು, ಉಳಿದದ್ದನ್ನು ನಾನು ತೋರಿಸಿಕೊಡುತ್ತೇನೆ. ‘ಕನ್ನಡಕ್ಕಾಗಿ 2 ಒತ್ತಿ’ ಎಂದಿದ್ದರಿಂದ ಒತ್ತಿದೆ. ಮಾತಾಡಿದವರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಹೇಳಿದ್ದರಲ್ಲಿ ಎಷ್ಟು ಮುಂದೆ ತಲುಪಿತೋ ತಿಳಿಯದು.

ಒಂದು ಗಂಟೆಯೊಳಗೆ ಬರುವುದಾಗಿ ಹೇಳಿದ ತಂತ್ರಜ್ಞರು ಬಂದದ್ದು 12.50ಕ್ಕೆ. ಆ ಹುಡುಗ ವಿನಯವಂತ. ಈ ಬಗೆಯ ಕಾರನ್ನು ಅವನು ಮುಟ್ಟುತ್ತಿದ್ದುದು ಅದೇ ಮೊದಲು ಎಂದು ಅವನೇ ಒಪ್ಪಿಕೊಂಡ. ಫೋನಿನಲ್ಲಿ ಅವನ ಮೇಲ್ವಿಚಾರಕರು ಮೊದಲು ಕಾರನ್ನು ಎಳೆದುಕೊಂಡು ಹೋಗಲು ಸೂಚಿಸಿದರು. ಎಳೆಯಲು ಸಿಕ್ಕಿಸುವ ಕೊಕ್ಕೆ ಇರುವುದೂ ಅದೇ ಮುಚ್ಚಿದ ಡಿಕ್ಕಿಯಲ್ಲಿ, ಮೇಲಾಗಿ ವಿದ್ಯುತ್ತಿಲ್ಲದೆ ಆಟೋಮ್ಯಾಟಿಕ್ ಗೇರು ‘ಪಿ’ (ಪಾರ್ಕಿಂಗ್) ಸ್ಥಾನದಿಂದ ಕದಲುವುದಿಲ್ಲ ಎಂದು ವಿವರಿಸಿ, ಅವನಿಗೆ ತೋರಿಸಲೆಂದು ಕೈಪಿಡಿಯ ಪುಟವನ್ನು ತರಲು ನಾನು ಮೇಲಿನ ಮನೆಗೆ ಹೋದೆ. ಹತ್ತು ನಿಮಿಷ ಬಿಟ್ಟು ಇಳಿದು ಬರುವಷ್ಟರಲ್ಲಿ ಮೇಲ್ವಿಚಾರಕರ ಸೂಚನೆಯಂತೆ ಅವನು ಡಿಕ್ಕಿಯ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ದ. ಮುಚ್ಚಳದ ಅಂಚು ಬಾಗಿ, ಎರಡು ಅಂಗುಲದಷ್ಟು ಬಣ್ಣ ಕಿತ್ತುಬಂದಿತ್ತು. ಡಿಕ್ಕಿ ಮಾತ್ರ ತೆರೆದಿರಲಿಲ್ಲ.

ಆನಂತರ ಅವನು ತಂದಿದ್ದ ಅದೇ ಬೂಸ್ಟರನ್ನು ತೆಗೆದುಕೊಂಡು ಕೈಪಿಡಿಯಲ್ಲಿರುವಂತೆ ನಾನೇ ಎರಡು ಕೇಬಲ್ ಸಿಕ್ಕಿಸಿದೆ. ಬೀಗ ಹಾಕಿದ್ದ ಕಾರಿಗೆ ವಿದ್ಯುತ್ ಬಂದೊಡನೆ ನಿರೀಕ್ಷಿಸಿದಂತೆಯೇ ಅಲಾರಂ ಕೂಗಿತು, ರಿಮೋಟ್ ಒತ್ತಿ ಅದನ್ನು ನಿಲ್ಲಿಸಿದೆ, ಗುಂಡಿ ಎಳೆದ ತಕ್ಷಣ ಲಾಚ್ ಬಿಟ್ಟುಕೊಂಡಿತು. ಒಟ್ಟು ಎರಡು ನಿಮಿಷದ ಕೆಲಸ. ಆದರೆ ಮೀಟಿದ ಏಟಿಗೆ ಮುಚ್ಚಳದ ಕೊಂಡಿಯೇ ಸೊಟ್ಟಗಾಗಿದ್ದರಿಂದ ಅಂದಿನಿಂದ ಡಿಕ್ಕಿ ಮುಚ್ಚಿಕೊಳ್ಳುತ್ತಿಲ್ಲ. ಮರುದಿನ ನನ್ನ ಖರ್ಚಿನಲ್ಲೇ ಹೊಸ ಬ್ಯಾಟರಿ ಹಾಕಿಸಿದೆ, ಎಂಜಿನ್ ಮೊದಲ ಸಲಕ್ಕೇ ಶುರುವಾಯಿತು. ಆದರೂ ಓಡುವಾಗ ಮುಚ್ಚಳ ಗಾಳಿಗೆ ಎದ್ದು ಗಾಜಿಗೆ ಬಡಿಯುವ ಅಪಾಯವಿರುವ ಕಾರನ್ನು ರಸ್ತೆಗಿಳಿಸುವಂತಿಲ್ಲ. ಬ್ಯಾಟರಿಯಿಲ್ಲದೆ ನಿಂತಿದ್ದ ಕಾರು ಈಗ ಬ್ಯಾಟರಿಯಿದ್ದೂ ನಿಂತಿದೆ.

ಜೂನ್ 14ರ ರಾತ್ರಿಯೇ ಬಂದ ನಿಮ್ಮ ಸಂದೇಶದಲ್ಲಿ, ಗ್ರಾಹಕರು ಸಹಕರಿಸದ ಕಾರಣ ಸೇವೆಯನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಇದಕ್ಕೆ ಆಕ್ಷೇಪಿಸಿ ಬರೆದ ಇಮೇಲಿಗೆ ಜೂನ್ 18ರಂದು ಬಂದ ಉತ್ತರವು, ದೀರ್ಘಕಾಲ ಬಳಸದೆ ನಿಲ್ಲಿಸಿದ ವಾಹನದ ಬ್ಯಾಟರಿ ವೆಚ್ಚ ಯೋಜನೆಗೆ ಒಳಪಡುವುದಿಲ್ಲ ಎಂಬ ಷರತ್ತನ್ನು ಎತ್ತಿ ಹೇಳಿ ಮುಗಿಯುತ್ತದೆ. ಬ್ಯಾಟರಿಯ ವೆಚ್ಚವನ್ನು ನಾನು ಕೇಳಿಯೇ ಇಲ್ಲ. ಕಾರು ಎಷ್ಟು ದಿನ ನಿಂತಿತ್ತು ಎಂಬುದಕ್ಕೂ ನಿಮ್ಮ ಸಿಬ್ಬಂದಿಯ ಸ್ಕ್ರೂಡ್ರೈವರಿಗೂ ಇರುವ ಸಂಬಂಧ ಯಾವುದೆಂದು ಆ ಉತ್ತರದಲ್ಲಿ ಒಂದು ಮಾತೂ ಇಲ್ಲ. ಇನ್ನು ಅಸಹಕಾರದ ಮಾತು: ಕೆಲಸ ಮಾಡಿ ಮುಗಿಸಿದವನು ನಾನು, ಕೇಬಲ್ ಹಿಡಿದುಕೊಂಡು ನಿಂತವನು ನಿಮ್ಮ ತಂತ್ರಜ್ಞ, ನಮ್ಮ ಬೇಸ್‌ಮೆಂಟಿನ ಸಿಸಿಟಿವಿಯಲ್ಲಿ ಇದೆಲ್ಲ ದಾಖಲಾಗಿದ್ದು, ನನ್ನ ಕೋರಿಕೆಯಂತೆ ನಿವಾಸಿಗಳ ಸಂಘವು ಅದನ್ನು ಅಳಿಸದೆ ಉಳಿಸಿಕೊಂಡಿದೆ.

ಆದುದರಿಂದ ಡಿಕ್ಕಿಯ ಕೊಂಡಿ, ಲಾಚ್ ಹಾಗೂ ಮುಚ್ಚಳದ ಡೆಂಟಿಂಗ್-ಪೇಂಟಿಂಗ್‌ಗೆ ವರ್ಕ್‌ಶಾಪ್ ಕೊಟ್ಟಿರುವ ₹68,500ರ ಅಂದಾಜು ವೆಚ್ಚವನ್ನೂ, ಕಾರನ್ನು ಅಲ್ಲಿಗೆ ಹೊತ್ತೊಯ್ಯಲು ಬೇಕಾದ ಫ್ಲಾಟ್‌ಬೆಡ್ (ಸಮತಟ್ಟು ಹಾಸಿನ) ವಾಹನದ ಬಾಡಿಗೆಯನ್ನೂ ನೀವು ಭರಿಸಬೇಕು. ಆ ವಾಹನ ಎತ್ತರದ ಕಾರಣ ಬೇಸ್‌ಮೆಂಟಿಗೆ ಇಳಿಯುವುದಿಲ್ಲ, ರ‍್ಯಾಂಪಿನ ಮೇಲೇ ಹತ್ತಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ದಯವಿಟ್ಟು ಈ ಬಾರಿಯಾದರೂ ಕಳುಹಿಸುವ ಮೊದಲೇ ಗಮನಿಸಿ. ನನ್ನ ಖಾತೆಯಲ್ಲಿರುವ ‘ಅಸಹಕಾರ’ ಎಂಬ ಟಿಪ್ಪಣಿಯನ್ನು ತೆಗೆದುಹಾಕಿ, ನಡೆದದ್ದನ್ನು ಇದ್ದಂತೆ ದಾಖಲಿಸಿ, ಅದರ ಪ್ರತಿಯನ್ನು ನನಗೆ ಕಳುಹಿಸಬೇಕು. ಸೂಚನೆ ಕೊಟ್ಟವರು ಮೇಲ್ವಿಚಾರಕರಾಗಿರುವಾಗ ಆ ಹುಡುಗನ ಸಂಬಳದಿಂದ ಈ ಹಣವನ್ನು ಮುರಿದುಕೊಳ್ಳಬಾರದೆಂದೂ ಕೋರುತ್ತೇನೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಯೆಂದು ಬೆಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ದೂರು ಸಲ್ಲಿಸುತ್ತೇನೆ. ಹಾನಿಯ ಛಾಯಾಚಿತ್ರಗಳು, ಮಲ್ಟಿಮೀಟರಿನ ಚಿತ್ರ, ಕೈಪಿಡಿಯ ಪುಟ, ವರ್ಕ್‌ಶಾಪಿನ ಅಂದಾಜುಪಟ್ಟಿ ಮತ್ತು ನಿಮ್ಮ ಎರಡೂ ಸಂದೇಶಗಳ ಪ್ರತಿಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)
ಕಾರಿನ ಮಾಲೀಕ, ಬನಶಂಕರಿ 2ನೇ ಹಂತ, ಬೆಂಗಳೂರು